ಧನಲಕ್ಷ್ಮಿ ಹೇಳಬೇಕಿದ್ದ ಮಾತು

ಧನಲಕ್ಷ್ಮಿ ಯಲಹಂಕ ಕಡೆಯ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಹೆಬ್ಬಾಳದಲ್ಲಿ ಬಸ್ಸು ಅಲುಗಾಡದೆ ನಿಂತಾಗ ಅವಳು ಒಂದು ಮಾತಾಡಿದರೆ ಕೊನೆಯ ಸೀಟಿನಲ್ಲಿ ತೂಕಡಿಸುವವರೂ ತಲೆಯೆತ್ತುತ್ತಿದ್ದರು. ಹೆಣ್ಣುಮಕ್ಕಳಿಗೆ ತೊಂದರೆ ಕೊಟ್ಟವನನ್ನು ನಡುದಾರಿಯಲ್ಲೇ ಇಳಿಸಿಬಿಡುತ್ತಿದ್ದಳು.

ಮೊದಲು ಟಿಕೆಟ್ ಮಿಷಿನ್ ಹಿಡಿಯುವ ಬೆರಳು ಸೋತವು. ಆಮೇಲೆ ಕಾಲು, ಆಮೇಲೆ ನಾಲಗೆ. ನರಗಳು ಒಂದೊಂದಾಗಿ ಸಾಯುವ ಕಾಯಿಲೆ, ಔಷಧಿಯಿಲ್ಲ ಅಂದರು. ಹುಣಸಮಾರನಹಳ್ಳಿಯ ಮನೆಯ ಮುಂದಿನ ಕೋಣೆಯಲ್ಲಿ ಅವಳು ಮಂಚ ಹಿಡಿದ ಮೇಲೆ ಆಡುತ್ತಿದ್ದದ್ದು ಕಣ್ಣು ಮಾತ್ರ.

ಆ ಕಣ್ಣಿನಿಂದಲೇ ಮಾತಾಡುತ್ತಿದ್ದಳು. ಕಂಪ್ಯೂಟರ್ ಪರದೆಯ ಕೆಳಗೆ ಸಣ್ಣದೊಂದು ಕ್ಯಾಮೆರಾ. ಅವಳು ಯಾವ ಅಕ್ಷರದ ಮೇಲೆ ದೃಷ್ಟಿ ನಿಲ್ಲಿಸುತ್ತಾಳೋ ಅದು ಮೂಡುತ್ತದೆ, ಸಾಲು ಮುಗಿದರೆ ಮಿಷಿನ್ ಅದನ್ನು ಓದಿ ಹೇಳುತ್ತದೆ. ಏರ್‌ಪೋರ್ಟ್ ಟ್ಯಾಕ್ಸಿ ಓಡಿಸುವ ಗಂಡ ಅನಂತರಾಜು ಮನೆಗೆ ಬಂದ ಕೂಡಲೇ, "ಊಟ ಮಾಡಿದ್ರಾ?" ಅಂತ ಆ ಮಿಷಿನ್ನೇ ಕೇಳುತ್ತಿತ್ತು.

ಆ ಕ್ಯಾಮೆರಾ ಜೋಡಿಸಿದ್ದ ಹಳೆಯ ಲ್ಯಾಪ್‌ಟಾಪ್ ಕೆಟ್ಟದ್ದು ಬಹಳ ಕೆಟ್ಟ ಹೊತ್ತಿನಲ್ಲಿ. ಧನಲಕ್ಷ್ಮಿಯ ಉಸಿರು ಕುಗ್ಗುತ್ತಾ ಬಂದಿತ್ತು. ಕತ್ತಿನಲ್ಲಿ ತೂತು ಮಾಡಿ ಟ್ಯೂಬ್ ಹಾಕಿ, ಉಸಿರಾಟದ ಮಿಷಿನ್ನಿಗೆ ಜೋಡಿಸಬೇಕು. ಇಲ್ಲವಾದರೆ ಹೆಚ್ಚು ದಿನವಿಲ್ಲ. ಮನೆಗೆ ಬಂದು ನೋಡುತ್ತಿದ್ದ ಡಾಕ್ಟರಮ್ಮ ಹೇಳಿ ಹೋಗಿದ್ದರು: "ಬೇಕೋ ಬೇಡ್ವೋ ಅನ್ನೋದನ್ನ ಅವರೇ ಹೇಳ್ಬೇಕು. ಸೋಮವಾರ ಬೆಳಿಗ್ಗೆ ಬರ್ತೀನಿ, ಕೇಳಿಟ್ಟಿರಿ."

"ಅವಳ್ನೇನ್ ಕೇಳೋದು? ಆಕ್ಸಿಬುಡು ಅತ್ಲಾಗೆ," ಅಂದ ಅವಳ ಅಣ್ಣ ಮುನಿವೆಂಕಟಯ್ಯ, ಅವಳ ಮಂಚದ ಪಕ್ಕದಲ್ಲೇ ನಿಂತು.

ಅನಂತರಾಜು ಬಗ್ಗಿ ಕೇಳಿದ: "ಬೇಕು ಅಂದ್ರೆ ಒಂದ್ಸಲ ಕಣ್ಣು ಮುಚ್ಚು ಧನಾ. ಬ್ಯಾಡ ಅಂದ್ರೆ ಎಲ್ಡ್ ಸಲ."

ಅವಳು ರೆಪ್ಪೆ ಮುಚ್ಚಲೇ ಇಲ್ಲ. ನೀರು ತುಂಬಿ ಹರಿದರೂ ಕಣ್ಣು ಬಿಟ್ಟುಕೊಂಡೇ ಅವನನ್ನು ನೋಡಿದಳು. ಅವಳ ಉತ್ತರ ಬೇಕು ಬೇಡಗಳಲ್ಲಿ ಹಿಡಿಸುವಂಥದ್ದಲ್ಲ ಅಂತ ಅವನಿಗೆ ಅರ್ಥವಾಯಿತು.

ಭಾನುವಾರ ಅರ್ಮಾನ್ ಬಂದ. ಎರಡು ಮನೆ ಆಚೆಯವನು, ಯಲಹಂಕದ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. ಹೊಸ ಕಂಪ್ಯೂಟರಿನ ಬಿಡಿಭಾಗಗಳನ್ನು ತಂದು, ಮಂಚದ ಪಕ್ಕದ ಸ್ಟೂಲಿನ ಮೇಲೆ ಅದರ ಡಬ್ಬ, ಕ್ಯಾಬಿನೆಟ್, ಇಟ್ಟುಕೊಂಡು ಜೋಡಿಸಿದ. ಬಟನ್ ಒತ್ತಿದ. ಫ್ಯಾನ್ ತಿರುಗಿತು, ಒಳಗೆ ದೀಪ ಹತ್ತಿತು. ಅನಂತರಾಜು "ಬಂತು ಬಂತು!" ಅನ್ನುವಷ್ಟರಲ್ಲಿ ಎಲ್ಲ ಆರಿಹೋಯಿತು.

ಅರ್ಮಾನ್ ಮುಚ್ಚಳ ಬಿಚ್ಚಿ, ವೈರುಗಳನ್ನು ಒತ್ತಿ ಮತ್ತೆ ಹಾಕಿದ. ಹತ್ತಿತು, ಆರಿತು. ಪ್ಲಗ್ ಬೇರೆ ಕಡೆ ಚುಚ್ಚಿದ. ಅಷ್ಟೇ. ಅಂಗಡಿಗೆ ಓಡಿ ಬೇರೆ ಪವರ್ ಸಪ್ಲೈ ತಂದು ಕೂರಿಸಿದ. ಬಿಸಿಯಾಗುತ್ತಿದೆಯೇನೋ ಅಂತ ಪ್ರೊಸೆಸರ್ ಮೇಲಿನ ಫ್ಯಾನ್ ತೆಗೆದು, ಒರೆಸಿ, ಶಾಖ ಎಳೆಯುವ ಪೇಸ್ಟ್ ಹೊಸದಾಗಿ ಹಚ್ಚಿದ. ಹತ್ತುವುದು, ಒಂದೆರಡು ಉಸಿರೆಳೆಯುವಷ್ಟು ಹೊತ್ತು ಉರಿಯುವುದು, ಆರುವುದು.

"ಇಂಗ್ಯಾಕ್ ಆಯ್ತದೆ ಅರ್ಮಾನ್? ಎಲ್ಲಾ ಒಸದಲ್ವಾ?"

"ಮದರ್‌ಬೋರ್ಡೇ ಹೋಗಿದೆ ಅನ್ಸುತ್ತೆ ಅಣ್ಣ. ಬದಲಾಯಿಸಿ ಕೊಡ್ತಾರೆ, ಆದ್ರೆ ವಾರ ಆಗುತ್ತೆ."

"ವಾರ ಎಲ್ಲೈತಪ್ಪಾ ನಂತಾವ!" ಅನಂತರಾಜು ಗೋಡೆಗೆ ಒರಗಿ ನೆಲದ ಮೇಲೆ ಕುಸಿದ.

ಆಗಲೇ ಅವನು ಹೆಂಡತಿಯ ಕಡೆ ನೋಡಿದ್ದು. ಅವಳ ಕಣ್ಣು ಬಡಬಡ ಬಡಿದುಕೊಳ್ಳುತ್ತಿತ್ತು. ಎದ್ದು ಬಾಯಿ ಒರೆಸಿದ, ದಿಂಬು ಸರಿಮಾಡಿದ. ಬಡಿಯುವುದು ನಿಲ್ಲಲಿಲ್ಲ. ಕಡೆಗೆ ಅಟ್ಟದ ಮೇಲಿದ್ದ ಅಕ್ಷರದ ಹಲಗೆ ಇಳಿಸಿದ. ಒಂದೊಂದೇ ಅಕ್ಷರದ ಮೇಲೆ ಬೆರಳಿಡುತ್ತಾ ಹೋಗಬೇಕು, ಬೇಕಾದದ್ದು ಬಂದಾಗ ಅವಳು ಕಣ್ಣು ಮುಚ್ಚುತ್ತಾಳೆ. ಒತ್ತಕ್ಷರ, ಕಾಗುಣಿತ ಅಂತ ಹೊರಟರೆ ಒಂದು ಪದಕ್ಕೇ ಅವಳು ಬಳಲಿಹೋಗುತ್ತಿದ್ದಳು. ಹಾಗಾಗಿ ಅದನ್ನು ಬಿಟ್ಟುಬಿಟ್ಟಿದ್ದರು.

'ಬ' ಬಂತು. ಬಹಳ ಹೊತ್ತಿನ ಮೇಲೆ 'ಟ'.

"ಬಟ್ಟೆ? ಬಟ್ಟೆ ಬದ್ಲಾಯಿಸ್ಬೇಕಾ?"

ಎರಡು ಸಲ ಕಣ್ಣು ಮುಚ್ಚಿದಳು. ಮತ್ತೆ ಬೆರಳು ಸರಿಯಿತು. 'ನ'.

"ಬಟನ್ನು!" ಅಂದವನೇ ಅವಳ ನೈಟಿಯ ಬಟನ್ ಬಿಚ್ಚಿದೆಯಾ ಅಂತ ನೋಡಿದ. ಅವಳ ದೃಷ್ಟಿ ಅವನನ್ನು ದಾಟಿ ಸ್ಟೂಲಿನ ಮೇಲೆ ನಾಟಿತ್ತು.

ಅರ್ಮಾನ್ ಅದನ್ನು ಹಿಂಬಾಲಿಸಿ ನೋಡಿದ. ಕ್ಯಾಬಿನೆಟ್ಟಿನ ಮುಂಭಾಗದ ಬಟನ್ ಒಳಗೇ ಸಿಕ್ಕಿಕೊಂಡಿತ್ತು. ಬಟನ್ ಹಾಗೇ ಒತ್ತಿ ಹಿಡಿದರೆ ಎಂಥ ಕಂಪ್ಯೂಟರೂ ತಾನಾಗಿ ಆರುತ್ತದೆ. ಪ್ರತಿಸಲ ಅವನು ಮುಚ್ಚಳ ಬಿಚ್ಚುವಾಗಲೋ ಪ್ಲಗ್ ಕೀಳುವಾಗಲೋ ಕ್ಯಾಬಿನೆಟ್ ಅಲುಗಿ ಅದು ಹೊರಗೆ ಬಂದುಬಿಡುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲ. ಮಂಚದಿಂದ ಅವಳಿಗೆ ಕಾಣುತ್ತಿದ್ದದ್ದು ಆ ಮುಂಭಾಗ ಒಂದೇ. ಮಧ್ಯಾಹ್ನದಿಂದ ಅವಳು ಅದನ್ನೇ ಹೇಳಲು ಒದ್ದಾಡುತ್ತಿದ್ದಳು.

ಅರ್ಮಾನ್ ಬಟನ್ನಿನ ವೈರನ್ನೇ ಬೋರ್ಡಿನಿಂದ ಕಿತ್ತು, ಅಲ್ಲಿದ್ದ ಎರಡು ಪಿನ್ನಿಗೆ, ಬಟನ್ ಒತ್ತಿ ಬಿಟ್ಟ ಹಾಗೆ, ಸ್ಕ್ರೂಡ್ರೈವರ್ ತುದಿ ತಾಗಿಸಿ ತೆಗೆದ. ಫ್ಯಾನ್ ತಿರುಗಿತು. ತಿರುಗುತ್ತಲೇ ಇತ್ತು.

ಬೇಕಾದ ಸಾಫ್ಟ್‌ವೇರನ್ನೆಲ್ಲ ಹಾಕಿ ಮುಗಿಸುವಾಗ ಸಂಜೆ. ಕ್ಯಾಮೆರಾ ಅವಳ ಕಣ್ಣನ್ನು ಹಿಡಿಯಿತು. ಅಕ್ಷರಗಳು ಒಂದೊಂದಾಗಿ ಬಂದವು, ನಡುವೆ ಅವಳು ಸುಧಾರಿಸಿಕೊಂಡಳು, ಮತ್ತೆ ಬಂದವು. ಕಡೆಗೆ ಮಿಷಿನ್ ಓದಿತು:

"ಟ್ಯೂಬ್ ಹಾಕಿಸಿ. ನನಗೆ ಇರಬೇಕು ಅಂತ ಆಸೆ ಇದೆ. ಆದರೆ ಕಣ್ಣೂ ನಿಂತ ದಿನ ನನ್ನನ್ನು ಮಿಷಿನ್ನಲ್ಲಿ ಇಟ್ಟುಕೊಳ್ಳಬೇಡಿ. ಒಳಗೇ ಕೂಗಿಕೊಂಡು ಬಿದ್ದಿರೋದು ನನ್ನ ಕೈಲಾಗಲ್ಲ. ಇದನ್ನ ಡಾಕ್ಟರಿಗೆ ಹೇಳಿ. ಅಣ್ಣನಿಗೂ ಹೇಳಿ."

ಅರ್ಮಾನ್ ಚಪ್ಪಲಿಯನ್ನೂ ಹಾಕದೆ ಹೊರಗೆ ಹೋಗಿ ಜಗಲಿಯ ಮೇಲೆ ಕುಳಿತ.

ಅನಂತರಾಜು ತಲೆಯಾಡಿಸಿದ. ಪರದೆಯಲ್ಲಿ ಮತ್ತೆ ಅಕ್ಷರ ಮೂಡಿತು: "ಬಾಯಿ ಬಿಟ್ಟು ಹೇಳಿ."

"ಆಯ್ತು ಧನಾ," ಅಂದ. "ನೀನೇಳ್ದಂಗೇ ಆಗ್ಲಿ." ಹೇಳಿ, ಅವಳ ಕೈಯನ್ನು ಮುಖಕ್ಕೆ ಒತ್ತಿಕೊಂಡು ಮಗುವಿನಂತೆ ಅತ್ತ.

ಸೋಮವಾರ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕುಳಿತು, ಎಲ್ಲವನ್ನೂ ಅವಳಿಂದಲೇ ಇನ್ನೊಮ್ಮೆ ಕೇಳಿಸಿಕೊಂಡರು. ಮುನಿವೆಂಕಟಯ್ಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ. ಟ್ಯೂಬ್ ಹಾಕಿಸಿ ಈಗ ಒಂದು ಬೇಸಿಗೆ ಕಳೆದಿದೆ. ಎಡಗಣ್ಣು ನಿಧಾನವಾಗುತ್ತಿದೆ, ಅದು ಇಬ್ಬರಿಗೂ ಗೊತ್ತು. ಬೆಳಿಗ್ಗೆ ಎದ್ದವನೇ ಅನಂತರಾಜು ಮೊದಲು ಪರದೆಯನ್ನು ಅವಳ ಮುಖಕ್ಕೆ ತಿರುಗಿಸಿ, ಕ್ಯಾಮೆರಾ ಅವಳನ್ನು ಹುಡುಕುವವರೆಗೆ ಅಲ್ಲಾಡದೆ ನಿಂತಿರುತ್ತಾನೆ.