ಬಾವಿಯ ಚಿತ್ತಪ್ಪ ಕಡಲ ತಳ ಕಂಡದ್ದು

ಅರಳಗುಪ್ಪೆಯ ತೆಂಗಿನ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸವರಾಜು ಅವರ ಪಂಪು ಎರಡು ದಿನದಿಂದ ನೀರೆತ್ತುತ್ತಿಲ್ಲ. ಚಿತ್ತಪ್ಪ ಬಾವಿಯ ಮೆಟ್ಟಿಲಿಳಿದು, ನೀರು ಮುಟ್ಟಿ ಹಣೆಗೊತ್ತಿಕೊಂಡು ಮುಳುಗುತ್ತಾರೆ. ಎಂಬತ್ತು ಎಣಿಸುವಷ್ಟರಲ್ಲಿ ಮೇಲೆ ಬಂದಾಗ ಕೈಯಲ್ಲಿ ಪೈಪಿನ ಬಾಯಿಗೆ ಕಟ್ಟಿಕೊಂಡಿದ್ದ ನಾರಿನ ಮುದ್ದೆ. "ಸರಿಹೋಯ್ತು ಬುಡಿ. ಕೆಳಗೊಂದು ಏಡಿ ಮರಿ ಹಾಕೈತೆ, ಒಂದೆಂಟು ದಿನ ಬ್ಲೀಚಿಂಗ್ ಪುಡಿ ಸುರೀಬ್ಯಾಡಿ" ಎನ್ನುತ್ತಾರೆ.

ಹುಳಿಯಾರಿನ ಕಡೆಯ ಹಟ್ಟಿಯೊಂದರ ಚಿತ್ತಪ್ಪನವರಿಗೆ ಈಗ ನಲವತ್ತಾರು. ಕುರಿಗಳ ಮೈ ತೊಳೆಯಲು ಕೆರೆಗಿಳಿದೇ ಮುಳುಗು ಕಲಿತವರು. ಬಿದ್ದ ಬಿಂದಿಗೆ, ಕಳಚಿದ ಪೈಪು, ಪಾತಾಳಗರಡಿಯ ಕೊಕ್ಕೆಗೂ ಸಿಗದ್ದು ಇವರ ಕೈಗೆ ಸಿಗುತ್ತದೆ. ಸೀಮೆಯ ಜನಕ್ಕೆ ಇಷ್ಟು ಗೊತ್ತು. ಹೋದ ವರ್ಷ, ಎಂಬತ್ತೇಳರ ಫೆಬ್ರವರಿಯಲ್ಲಿ, ಇವರು ಹನ್ನೊಂದು ದಿನ ಕಡಲ ತಳ ನೋಡಿ ಬಂದದ್ದನ್ನು ಮಾತ್ರ ಹೆಚ್ಚಿನವರು ನಂಬುವುದಿಲ್ಲ.

ನಂಬುವವರು ತಿಪಟೂರಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಶಂಭುಲಿಂಗಯ್ಯ. ಅವರ ಮನೆಯ ಬಾವಿಗೆ ಬಿದ್ದ ಕೊಡ ತೆಗೆಯಲು ಹೋಗಿದ್ದ ಚಿತ್ತಪ್ಪ, ಕೊಡದ ಜೊತೆಗೆ ಒಳಗೋಡೆಯ ಯಾವ ಸಂದಿಯಲ್ಲಿ ಯಾವ ಜೀವ ಇದೆಯೆಂದೂ ಒಪ್ಪಿಸಿದರು. "ಇಂಥ ಕಣ್ಣು ನನ್ನ ವಿದ್ಯಾರ್ಥಿಗಳಿಗೂ ಇಲ್ಲ" ಎಂದ ಮೇಷ್ಟ್ರು, ಮನ್ನಾರ್ ಕೊಲ್ಲಿಯ ಕಡಲ ಅಭಯಾರಣ್ಯಕ್ಕೆ ಹವಳ ಎಣಿಸಲು ಹೊರಟ ತಂಡದ ಜೊತೆ ಅವರನ್ನೂ ಕರೆದೊಯ್ದರು.

"ಬಾವಿ ನೀರು ಒಳಕ್ಕೆ ಕರ್ಕತದೆ. ಉಪ್ಪುನೀರು ಹಂಗಲ್ಲ ಸ್ವಾಮಿ, ಮ್ಯಾಕ್ಕೇ ನೂಕ್ತದೆ" ಎಂದು ಚಿತ್ತಪ್ಪ ನಗುತ್ತಾರೆ. ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಇಳಿದರು. ಕಣ್ಣಿಗೆ ಗಾಜು ಕಟ್ಟಿ ನೋಡಿದರೆ ಜಿಂಕೆ ಕೊಂಬಿನಂಥ ಹವಳದ ಕಾಡು! ಹಸಿರು ಮೀನುಗಳು ಹವಳವನ್ನು ಕಟುಂ ಕಟುಂ ಎಂದು ಕಡಿಯುತ್ತಿದ್ದವು. "ಥೇಟ್ ನಮ್ ಕುರಿ ಮೇಯ್ದಂಗೇ. ಮುಂದೊಂದು, ಹಿಂದೆಲ್ಲ ಮಂದೆ."

ಮೊದಲ ದಿನವೇ ಒಂದು ತಪ್ಪಾಯಿತು. ದಣಿದ ಚಿತ್ತಪ್ಪ ಹವಳದ ಮೇಲೆ ಕಾಲೂರಿದರು. ಗೇಣುದ್ದದ ಕೊಂಬೆ ಲಟಕ್ಕನೆ ಮುರಿಯಿತು. ಅದು ಕಲ್ಲಲ್ಲ, ಜೀವ, ಅಷ್ಟು ಬೆಳೆಯಲು ವರ್ಷಗಳೇ ಹಿಡಿದಿವೆ ಎಂದು ಮೇಷ್ಟ್ರು ಹೇಳಿದಾಗ ಅವರಿಗೆ ಅನ್ನ ಸೇರಲಿಲ್ಲ. ಮಾರನೆಯ ದಿನದಿಂದ ದೋಣಿಯ ಲಂಗರನ್ನು ಎಸೆಯಗೊಡಲಿಲ್ಲ. ತಾವೇ ಹೊತ್ತು ಮುಳುಗಿ, ಹವಳವಿಲ್ಲದ ಮರಳು ಹುಡುಕಿ ಇಳಿಸಿ ಬರುತ್ತಿದ್ದರು.

ಒಂಬತ್ತನೆಯ ದಿನ ಅಲೆ ಎದ್ದಿತು. ಲಂಗರು ಜಾರಿ, ರಾಗಿ ತುಂಬಿಡುವ ಮಣ್ಣಿನ ವಾಡೆಯಷ್ಟು ದೊಡ್ಡ ಹವಳದ ಬುಡಕ್ಕೆ ಸಿಕ್ಕಿಕೊಂಡಿತು. ಅಂಬಿಗ ಹಗ್ಗ ಎಳೆದು ಕೀಳುವುದಕ್ಕೆ ಅಣಿಯಾದ. "ತಡೀಯಪ್ಪಾ, ಎಳೀಬ್ಯಾಡ!" ಎಂದು ಚಿತ್ತಪ್ಪ ಹಾರಿದರು. ಅಲ್ಲಿ ನಾಲ್ಕಾಳು ನೀರು. ಎರಡು ಸಲ ಬರಿಗೈಲಿ ಮೇಲೆ ಬಂದರು. ಮೂರನೆಯ ಸಲ ಲಂಗರು ಬಿಟ್ಟಿತು; ಹವಳ ಉಳಿಯಿತು. ಚಿತ್ತಪ್ಪನವರ ಎಡಗಿವಿಯಿಂದ ರಕ್ತ ಇಳಿಯುತ್ತಿತ್ತು.

ಆ ಕಿವಿ ಮತ್ತೆ ಕೇಳಲಿಲ್ಲ. ಎರಡಾಳಿಗಿಂತ ಕೆಳಗೆ ಇಳಿಯಬೇಡಿ ಎಂದಿದ್ದಾರೆ ಡಾಕ್ಟರು. ಬೇಸಿಗೆಯಲ್ಲಿ ದಿನಕ್ಕೆ ಮೂರು ಬಾವಿ ಇಳಿಯುತ್ತಿದ್ದವರಿಗೆ ಈಗ ಒಂದು ಸಿಕ್ಕರೆ ಹೆಚ್ಚು. ತಂಡದ ವರದಿಯಲ್ಲಿ 'ಸಹಾಯಕರು, ಒಬ್ಬರು' ಎಂದಿದೆ, ಹೆಸರಿಲ್ಲ. ಅಭಯಾರಣ್ಯದಿಂದ ಒಂದು ಚಿಪ್ಪನ್ನೂ ತರುವಂತಿಲ್ಲವಾದ್ದರಿಂದ ಹಟ್ಟಿಯವರಿಗೆ ತೋರಿಸಲು ಗುರುತೂ ಇಲ್ಲ.

"ಕಲ್ಲಿಗೋಸ್ಕರ ಕಿವಿ ಕೊಟ್ಟು ಬಂದೌರೆ" ಎಂದು ಹೆಂಡತಿ ಕಾಳಕ್ಕ ವರ್ಷದಿಂದ ಆಡಿಕೊಳ್ಳುತ್ತಿದ್ದಾರೆ. ಚಿತ್ತಪ್ಪ ಬೇಸರಿಸಿಕೊಳ್ಳುವುದಿಲ್ಲ. "ಬಾವೀಲಿ ಕಳೆದೋಗಿದ್ದ ತೆಗೀತೀವಿ. ಅಲ್ಲಿ ಇರೋದುನ್ನ ಉಳಿಸ್ದೆ. ಅಷ್ಟೇಯ."

ಮಾತು ಮುಗಿಯುವ ಹೊತ್ತಿಗೆ, ಕುರಿಗೆ ಸೊಪ್ಪು ಹಾಕುತ್ತಿದ್ದ ಕಾಳಕ್ಕ ಒಮ್ಮೆಲೇ ತಿರುಗುತ್ತಾರೆ. "ಅದಿರ್ಲಿ, ಆ ಹಸ್ರು ಮೀನು ರಾತ್ರಿ ಎಲ್ಲಿ ಮಲಗ್ತವೆ? ಕಣ್ಣು ಮುಚ್ತವಾ?"

ಚಿತ್ತಪ್ಪ ತಲೆ ಕೆರೆದುಕೊಳ್ಳುತ್ತಾರೆ.

"ಅದ್ನೊಂದು ನೋಡ್ಲಿಲ್ಲ ಕಣೇ. ಮೇಷ್ಟ್ರು ಇನ್ನೊಂದ್ ಸಲ ಕರುದ್ರೆ, ಅದುನ್ನೇ ಮೊದ್ಲು ನೋಡ್ಕಂಡು ಬತ್ತೀನಿ."