ಒಂದೇ ಕಿವಿಯಲ್ಲಿ ಮುಗಿಸಿದ ರೆಕಾರ್ಡ್

ಎಡಗಿವಿ ಹೋದ ದಿನ ಬೆಳಿಗ್ಗೆ ನಾನು ಬಾಲ್ಕನಿಯಲ್ಲಿ ಒಣಹಾಕಿದ್ದ ಬಟ್ಟೆ ತೆಗೆಯುತ್ತಿದ್ದೆ. ದೆಹಲಿಯ ದ್ವಾರಕಾದ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಮೇಲೆ ಬೆಳಗಾದರೆ ವಿಮಾನಗಳು ತಗ್ಗಿನಲ್ಲಿ ಹಾರುತ್ತವೆ. ಅವುಗಳ ಕಡೆ ಇಲ್ಲಿ ಯಾರೂ ತಲೆ ಎತ್ತಿ ನೋಡುವುದಿಲ್ಲ. ಅಂದು ಒಂದು ವಿಮಾನದ ಸದ್ದು ಬಲಗಡೆಯಿಂದ ಬಂದ ಹಾಗಾಯಿತು. ಅತ್ತ ತಿರುಗಿದರೆ ಬರೀ ಪಕ್ಕದ ಟವರಿನ ಗೋಡೆ. ವಿಮಾನ ನನ್ನ ಎಡಕ್ಕೆ, ಹೊಗೆಮಂಜಿನೊಳಗೆ ಆಗಲೇ ಅರ್ಧ ಮರೆಯಾಗಿತ್ತು.

ನೆಗಡಿ ಇರಬೇಕು ಅಂದುಕೊಂಡೆ. ದೀಪಾವಳಿ ಕಳೆದ ಮೇಲೆ ಈ ಊರಿನಲ್ಲಿ ಎಲ್ಲರ ಮೂಗೂ ಕಟ್ಟಿರುತ್ತದೆ. ಸೆಕ್ಟರ್ ಮಾರ್ಕೆಟ್ಟಿನ ಕ್ಲಿನಿಕ್‌ನ ವೈದ್ಯರು ಟಾರ್ಚು ಬಿಟ್ಟು ನೋಡಿ, ಗುಗ್ಗೆ ಕಟ್ಟಿದೆ ಎಂದು ಕಿವಿಗೆ ಹಾಕುವ ಎಣ್ಣೆಯಂಥದ್ದೊಂದು ಔಷಧಿ ಬರೆದುಕೊಟ್ಟರು. ಅದನ್ನು ಹಾಕಿಕೊಂಡು, ಒಂದು ಮಗ್ಗುಲಾಗಿ ಮಲಗಿ, ಕಿವಿ ತೆರೆದುಕೊಳ್ಳಲಿ ಎಂದು ಕಾಯುತ್ತಾ ಒಂದು ವಾರಕ್ಕಿಂತ ಹೆಚ್ಚೇ ಕಳೆಯಿತು. ಕಿವಿ ತೆರೆಯಲಿಲ್ಲ. ಅದರೊಳಗೆ ಒಂದು ಸಿಳ್ಳೆ ಶುರುವಾಯಿತು. ದೂರದಲ್ಲಿ ಯಾರೋ ಕುಕ್ಕರ್ ಇಟ್ಟು ಮರೆತ ಹಾಗೆ, ಏರದೆ ಇಳಿಯದೆ ಒಂದೇ ಸಮ.

ಆಗ ನನ್ನ ಮೊದಲ ರೆಕಾರ್ಡಿನ ಕೆಲಸ ಮುಗಿಯುವ ಹಂತದಲ್ಲಿತ್ತು. ನಾನು ಗುರುಗ್ರಾಮದ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿ ಸೌಂಡ್ ಎಡಿಟರ್ ಆಗಿದ್ದೆ. ಹಗಲೆಲ್ಲ ಕಾರ್ಟೂನ್ ಕರಡಿಗಳ ಬಾಯಿಗೆ ಹಿಂದಿ ಮಾತು ಹೊಂದಿಸುವುದು, ರಜೆಯ ದಿನಗಳಲ್ಲಿ ಮನೆಯ ಸಣ್ಣ ಕೋಣೆಯಲ್ಲಿ ನನ್ನದೇ ಸಂಗೀತ. ಕುಣಿತದ ಕ್ಲಬ್ಬುಗಳಲ್ಲಿ ಹಾಕುವ ಡೀಪ್ ಹೌಸ್ ಮತ್ತು ಟೆಕ್ನೋ ಎಂದರೆ ಹಲವರಿಗೆ ಬರೀ ಡಬ್ ಡಬ್. ಅವರು ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಒಂದೇ ಪೆಟ್ಟು ತಪ್ಪದೆ ಬೀಳುತ್ತಿರುತ್ತದೆ. ಅದರ ಕೆಳಗೆ ಹೊಟ್ಟೆಗೆ ತಾಗುವ ಒಂದು ಮಂದ್ರ, ಮೇಲೆ ತಾಳದ ತಟ್ಟೆಯಂಥ ಸಣ್ಣ ಸದ್ದುಗಳು, ನಡುವೆ ಮೆಲ್ಲಗೆ ಬದಲಾಗುತ್ತಾ ಹೋಗುವ ಎರಡೋ ಮೂರೋ ಸ್ವರ. ಕೇಳುವವರಿಗೆ ತಿಳಿಯದ ಹಾಗೆ ಬದಲಾಗಬೇಕು, ಎಲ್ಲ ಕಷ್ಟವೂ ಅಲ್ಲೇ ಇರುವುದು. ಹಲವು ವರ್ಷ ಹೀಗೆ ಮಾಡಿದ್ದರಲ್ಲಿ ನಾಲ್ಕು ಹಾಡುಗಳನ್ನು ಯುರೋಪಿನ ಒಂದು ಸಣ್ಣ ಸಂಸ್ಥೆ ಒಪ್ಪಿಕೊಂಡಿತ್ತು. ಸಂಸ್ಥೆ ಎಂದರೆ ಒಬ್ಬನೇ ಮನುಷ್ಯ. ಆಯ್ಕೆ ಮಾಡುವುದು, ಕೊನೆಯ ಹದ ಕೊಡುವುದು, ರೆಕಾರ್ಡಿನ ತಟ್ಟೆ ಅಚ್ಚು ಹಾಕಿಸುವುದು ಎಲ್ಲವೂ ಅವನೇ. ಹೊಸಬರ ಮೊದಲ ರೆಕಾರ್ಡುಗಳನ್ನು ಮಾತ್ರ ತರುತ್ತೇನೆ ಎಂದು ಅವನು ವಿಡಿಯೋ ಕರೆಯಲ್ಲಿ ಹೇಳಿದಾಗ ನಾನು ಮೇಜಿನ ಕೆಳಗೆ ಕೈ ಕೈ ಹಿಸುಕಿಕೊಂಡಿದ್ದೆ.

ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದೆವು. ಅಪ್ಪನೂ ಬಂದಿದ್ದರು. ಕಿವಿಯ ತಜ್ಞೆ ತಟ್ಟಿದರೆ ಝೇಂಕರಿಸುವ ಒಂದು ಕಬ್ಬಿಣದ ಶ್ರುತಿಕವೆಯನ್ನು ತಟ್ಟಿ ನನ್ನ ಹಣೆಯ ನಡುವೆ ಇಟ್ಟರು.

"ಯಾವ ಕಡೆ ಕೇಳಿಸುತ್ತೆ?"

"ಬಲಗಡೆ."

ಅವರ ಮುಖ ನೋಡಿಯೇ ಇದು ಗುಗ್ಗೆಯಲ್ಲ ಎಂದು ಗೊತ್ತಾಯಿತು. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದರು. ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ಎಡಗಿವಿಯ ಸರದಿ ಬಂದಾಗ ನಾನು ಗುಂಡಿಯ ಮೇಲೆ ಬೆರಳಿಟ್ಟು ಕೂತೇ ಇದ್ದೆ. ಗಾಜಿನ ಆಚೆ ಪರೀಕ್ಷೆ ಮಾಡುತ್ತಿದ್ದ ಹುಡುಗಿ ಒಂದೊಂದೇ ಗುಬುಟು ತಿರುಗಿಸುತ್ತಿರುವುದು ಕಾಣುತ್ತಿತ್ತು. ಕೇಳುತ್ತಿದ್ದುದು ನನ್ನ ಸಿಳ್ಳೆ ಮಾತ್ರ.

ಒಳಗಿನ ನರಕ್ಕೆ ಪೆಟ್ಟಾಗಿದೆ, ಕಾರಣ ಹೇಳುವುದು ಕಷ್ಟ, ವೈರಸ್ ಇರಬಹುದು ಎಂದರು ವೈದ್ಯೆ. ಬೇಗ ಬಂದಿದ್ದರೆ ಚೆನ್ನಾಗಿತ್ತು ಎಂದೂ ಹೇಳಿದರು. ಅಪ್ಪ ತಲೆ ತಗ್ಗಿಸಿ ತಮ್ಮ ಮಫ್ಲರಿನ ತುದಿ ಬಿಡಿಸುತ್ತಿದ್ದರು. ಮೊದಲು ಮಾತ್ರೆ, ಆಮೇಲೆ ಕಿವಿಯ ತಮಟೆಯ ಮೂಲಕವೇ ಚುಚ್ಚುಮದ್ದು. ಚುಚ್ಚಿದ ಮೇಲೆ ಅಲ್ಲಾಡದೆ ಮಲಗಿರಬೇಕು, ನುಂಗಬಾರದು, ಮಾತಾಡಬಾರದು. ಮದ್ದು ಗಂಟಲಿಗೆ ಇಳಿದು ಕಹಿಯಾಗುತ್ತಿತ್ತು. ಕೋಣೆ ಗಾಣದ ಹಾಗೆ ಸುತ್ತುತ್ತಿತ್ತು. ಅಷ್ಟೆಲ್ಲ ಆದ ಮೇಲೆ ಮತ್ತೆ ಅದೇ ಗಾಜಿನ ಪೆಟ್ಟಿಗೆ. ಈ ಸಲ ಏನೋ ಒಂದಿಷ್ಟು ಕೇಳಿಸಿತು. ತಗಡು ಹರಿದ ಹಾಗಿತ್ತು. ಅದು ಮನುಷ್ಯರ ದನಿ ಎಂದು ಆ ಹುಡುಗಿ ಹೇಳಿದ ಮೇಲೆ ತಿಳಿಯಿತು.

"ಇದಕ್ಕಿಂತ ಹೆಚ್ಚು ಬರೋದು ಅನುಮಾನ," ಎಂದರು ವೈದ್ಯೆ. "ಇನ್ನು ಬಲಗಿವಿಯನ್ನು ಕಾಪಾಡಿಕೊಳ್ಳಿ. ಜೋರು ಸದ್ದಿರೋ ಕಡೆ ಹೋದರೆ ಅದಕ್ಕೆ ಬಿರಡೆ ಹಾಕಿಕೊಳ್ಳಿ."

ಅಮ್ಮನಿಗೆ ವೈರಸ್ಸಿನ ಮಾತು ಒಪ್ಪಿಗೆಯಾಗಲಿಲ್ಲ. ಮದುವೆಯಾಗಿ ತುಮಕೂರಿನಿಂದ ದೆಹಲಿಗೆ ಬಂದ ಅಮ್ಮ ಇಲ್ಲಿನ ಚಳಿ, ನೀರು, ಭಾಷೆ ಎಲ್ಲಕ್ಕೂ ಒಗ್ಗಿಕೊಂಡವಳು. ನನ್ನ ಕೋಣೆಯ ಸದ್ದಿಗೆ ಮಾತ್ರ ಒಗ್ಗಿರಲಿಲ್ಲ.

"ಆ ಡಬ್ ಡಬ್ ಕೇಳಿ ಕೇಳಿಯೇ ಕಿವಿ ಹಾಳು ಮಾಡ್ಕೊಂಡೆ. ನಾನೆಷ್ಟು ಸಲ ಬಡ್ಕೊಂಡೆ?"

"ಅಮ್ಮ, ಡಾಕ್ಟರ್ ಏನಂದ್ರು ನೀನೇ ಅಪ್ಪನ್ನ ಕೇಳು."

"ಡಾಕ್ಟರ್‌ಗೇನು ಗೊತ್ತು, ಅವರು ನಮ್ಮನೇಲಿ ಇದ್ರಾ?"

ಅವಳು ಅಳುತ್ತಾ ಹೇಳುತ್ತಿದ್ದಳು, ಆದ್ದರಿಂದ ತಿರುಗಿ ಜಗಳವಾಡುವಂತೆಯೂ ಇರಲಿಲ್ಲ. ಆಮೇಲೆ ಅವಳು ನನ್ನ ಕೋಣೆಗೆ ಗುಡಿಸಲು ಬರುವುದನ್ನೂ ಬಿಟ್ಟಳು.

ಸ್ಟುಡಿಯೋದವರು ಒಳ್ಳೆಯ ಮಾತಿನಲ್ಲೇ ನನ್ನನ್ನು ಎಡಿಟಿಂಗ್‌ನಿಂದ ತೆಗೆದು, ಕಲಾವಿದರು ಯಾವಾಗ ಬರಬೇಕೆಂದು ಫೋನು ಮಾಡಿ ಹೇಳುವ ಕುರ್ಚಿಗೆ ಕೂರಿಸಿದರು. ನಾನು ಕಾರ್ಟೂನ್ ಕರಡಿಗಳಿಗಾಗಿ ದುಃಖಪಡುತ್ತೇನೆಂದು ಎಂದೂ ಅಂದುಕೊಂಡಿರಲಿಲ್ಲ.

ರೆಕಾರ್ಡು ಹಾಗೇ ನಿಂತಿತ್ತು. ಹಾಡುಗಳು ಸಿದ್ಧವಿದ್ದವು. ಮಿಕ್ಕಿದ್ದು ಮಿಕ್ಸಿಂಗ್, ಅಂದರೆ ಒಂದೊಂದು ಸದ್ದನ್ನೂ ಎಷ್ಟು ಜೋರಾಗಿ, ಯಾವ ಕಡೆಯಿಂದ ಕೇಳಿಸಬೇಕೆಂದು ಕೂರಿಸುವುದು. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡರೆ ಎಡದ ಸದ್ದನ್ನೂ ಬಲಗಿವಿಯಲ್ಲಿ ಕೇಳಬಹುದಿತ್ತು. ಆದರೆ ಯಾವುದು ನಡುವೆ ನಿಂತಿದೆ, ಯಾವುದು ಅತ್ತಿಂದಿತ್ತ ಸರಿಯುತ್ತಿದೆ ಎಂದು ತಿಳಿಯಲು ಎರಡು ಕಿವಿಯೂ ಒಟ್ಟಿಗೆ ಬೇಕು. ನಾನು ಪರದೆಯ ಮೇಲಿನ ಗೆರೆಗಳನ್ನು ನೋಡಿ ಊಹಿಸುತ್ತಿದ್ದೆ. ಊಹೆ ಸರಿಯೋ ತಪ್ಪೋ ಹೇಳುವವರಿರಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎಲ್ಲ ಆರಿಸಿ ಸುಮ್ಮನೆ ಕೂತಿದ್ದಾಗ ಅಪ್ಪ ಬಟಾಣಿಯ ಬುಟ್ಟಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು.

ಅಪ್ಪ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಸಂಗೀತದ ಗೀಳೇನೂ ಇರಲಿಲ್ಲ. ಬೆಳಗಿನ ವಾಕಿಂಗು, ಪೇಪರು, ಚಳಿಗಾಲದಲ್ಲಿ ತರಕಾರಿ ಮಾರುವ ಸಬ್ಜಿ ಭಯ್ಯಾನ ಹತ್ತಿರ ಬೇಕಾದ್ದಕ್ಕಿಂತ ಹೆಚ್ಚು ಬಟಾಣಿ ತಂದು ಸುಲಿಯುವುದು. ನನ್ನ ಹಾಡುಗಳ ಬಗ್ಗೆ ಅವರು ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳಿದ್ದಿಲ್ಲ.

"ನಿನಗೆ ಎಡಗಡೆ ಗೊತ್ತಾಗಲ್ಲ, ಅಷ್ಟೇ ತಾನೇ?" ಎಂದರು. "ನಾನು ಕೂತ್ಕೊಂಡು ಹೇಳಿದ್ರೆ ಆಗುತ್ತಾ?"

"ನಿಮಗೆ ಬೋರ್ ಆಗುತ್ತೆ ಅಪ್ಪ. ಒಂದೇ ತುಂಡನ್ನ ನೂರು ಸಲ ಕೇಳ್ಬೇಕು."

"ಮೂವತ್ತು ವರ್ಷ ಫೈಲು ನೋಡಿದ್ದೀನಿ ಪುಟ್ಟಿ. ಚಲೋ, ಕುರ್ಚಿ ಎಲ್ಲಿ ಹಾಕ್ಲಿ?"

ಎರಡು ಸ್ಪೀಕರುಗಳ ಎದುರಿಗೆ, ಸರಿಯಾಗಿ ನಡುವೆ, ಅಪ್ಪನನ್ನು ಕೂರಿಸಿದೆ. ಸದ್ದು ತೀರಾ ಸಣ್ಣಗೆ ಇಟ್ಟೆ. ಒಂದೊಂದೇ ಸದ್ದನ್ನು ಬಿಡುವುದು, ಅದು ಎಲ್ಲಿಂದ ಬರುತ್ತಿದೆಯೋ ಆ ಕಡೆ ಅಪ್ಪ ಬೆರಳು ತೋರಿಸುವುದು. ಕಣ್ಣು ಮುಚ್ಚಿ, ಮಡಿಲಲ್ಲಿ ಬಟಾಣಿ ಇಟ್ಟುಕೊಂಡು, ಎಡಕ್ಕೆ, ಬಲಕ್ಕೆ, ತಮ್ಮ ಮೂಗಿನ ನೇರಕ್ಕೆ ಬೆರಳು ಚಾಚುತ್ತಿದ್ದರು. ಕೆಲವೊಮ್ಮೆ ಅವರದೇ ಮಾತಿನಲ್ಲಿ ವಿವರಿಸುವರು. "ಇದು ಬಾಗಿಲ ಆಚೆ ಯಾರೋ ಟ್ರಂಕ್ ಎಳೆದ ಹಾಗಿದೆ." "ಇದು ಸ್ವಲ್ಪ ಬಲಕ್ಕೆ, ಆದ್ರೆ ಹಿಂದೆ." ಅವರು ಹೇಳಿದ ಹಾಗೆ ನಾನು ಸರಿಸುತ್ತಾ ಹೋದೆ. ಆ ಚಳಿಗಾಲದ ರಜಾದಿನಗಳೆಲ್ಲ ಹೀಗೇ ಕಳೆದವು. ಕಿವಿ ಹೋದ ಮೇಲೆ ಸಿಳ್ಳೆಯನ್ನು ಮರೆತಿರುತ್ತಿದ್ದ ಹೊತ್ತು ಅದೊಂದೇ.

ನಾಲ್ಕೂ ಹಾಡು ಮುಗಿಸಿ ಕಳಿಸಿದೆ. ಕೆಲವು ದಿನಗಳಲ್ಲಿ ರೆಕಾರ್ಡಿನವನು ಕರೆ ಮಾಡಿದ. ಅವನಿಗೆ ನನ್ನ ಕಿವಿಯ ವಿಷಯ ಹೇಳಿರಲಿಲ್ಲ.

"ಕೆಳಗಿನ ಸದ್ದುಗಳೆಲ್ಲ ಚೆನ್ನಾಗಿ ಕೂತಿವೆ," ಎಂದ. "ಆದರೆ ಮೇಲಿನ ಸಣ್ಣ ಸದ್ದುಗಳು, ಆ ತಟ್ಟೆ, ಗಿಲಕಿ, ಅವೆಲ್ಲ ದಿಕ್ಕುತಪ್ಪಿವೆ. ಒಂದು ಹಾಡಿನಲ್ಲಿ ಎಲ್ಲ ಬಲಕ್ಕೆ ರಾಶಿ ಬಿದ್ದಿವೆ, ಕಿವಿಗೆ ಚುಚ್ಚುತ್ತವೆ. ಬೇಕೆಂದೇ ಹಾಗೆ ಮಾಡಿದ್ದೀರಾ?"

ನೋಡಿ ಹೇಳುತ್ತೇನೆ ಎಂದೆ. ಮೇಲಿನ ಸಣ್ಣ ಸದ್ದುಗಳು ಎಂದ ಕೂಡಲೇ ನನಗೆ ಅನುಮಾನ ಬಂದಿತ್ತು. ಡಬ್ಬಿಂಗ್ ಕೆಲಸದಲ್ಲಿ ವಯಸ್ಸಾದ ಕಲಾವಿದರ ಜೊತೆ ಇದನ್ನು ಕಂಡಿದ್ದೆ. ವಯಸ್ಸಾದ ಹಾಗೆ ಕಿವಿಯಲ್ಲಿ ಮೊದಲು ಹೋಗುವುದು ಅಂಥ ಸದ್ದುಗಳೇ.

ಮುಂದಿನ ಶನಿವಾರ ಅಪ್ಪನನ್ನು ಮತ್ತೆ ಕೂರಿಸಿದೆ. ಮೊದಲು ಮಂದ್ರದ ಸದ್ದು ಬಿಟ್ಟೆ, ನಡುವೆ ತೋರಿಸಿದರು, ಸರಿಯಾಗಿತ್ತು. ಆಮೇಲೆ ಗಿಲಕಿ ಎಡಗಡೆಯಿಂದ ಬಿಟ್ಟೆ. ಅಪ್ಪ ಸ್ವಲ್ಪ ತಡೆದು ಬಲಕ್ಕೆ ತೋರಿಸಿದರು. ಮೂರನೆಯ ಸಲ ನಾನು ಗುಂಡಿ ಒತ್ತಿದೆ, ಏನನ್ನೂ ಬಿಡಲಿಲ್ಲ. ಸ್ಪೀಕರುಗಳು ಖಾಲಿ ಇದ್ದವು. ನಾನು ಗುಂಡಿಯಿಂದ ಕೈ ತೆಗೆದ ಮೇಲೆ ಅಪ್ಪ ಕಣ್ಣು ಮುಚ್ಚಿಕೊಂಡೇ ತಲೆ ಒಂದಿಷ್ಟು ವಾಲಿಸಿ, ಎಡಗಡೆಗೆ ಬೆರಳು ಚಾಚಿದರು.

ಬಹಳ ಹೊತ್ತು ಏನೂ ಆಗದಿದ್ದಾಗ ಅವರು ಕಣ್ಣು ತೆರೆದು ನನ್ನ ಮುಖ ನೋಡಿದರು. ಬೆರಳು ಹಾಗೇ ಇತ್ತು. ಆಮೇಲೆ ಕೈ ಇಳಿಸಿದರು.

"ಏನೂ ಇರ್ಲಿಲ್ವಾ?"

"ಇರ್ಲಿಲ್ಲ ಅಪ್ಪ."

"ಅಚ್ಛಾ."

ಬುಟ್ಟಿಯಲ್ಲಿದ್ದ ಸಿಪ್ಪೆಗಳನ್ನು ಒಂದು ಕಡೆ ಮಾಡುತ್ತಾ ಕೂತರು. ಕಾಲಿಂಗ್ ಬೆಲ್ ಕೇಳಿಸದೆ ಎರಡು ವರ್ಷವಾಯಿತು ಎಂದರು. ಅಮ್ಮ ಬಾಗಿಲು ತೆಗೆಯಲು ಎದ್ದಾಗ ಯಾರೋ ಬಂದಿದ್ದಾರೆ ಎಂದು ತಿಳಿದುಕೊಳ್ಳುತ್ತಿದ್ದರಂತೆ. ವಾಕಿಂಗಿನ ಗೆಳೆಯರ ಮಾತು ಅರ್ಧ ತಿಳಿಯದೆ ನಗುವವರ ಜೊತೆ ನಗುತ್ತಿದ್ದರಂತೆ.

"ಮತ್ತೆ ಯಾಕಪ್ಪ ಹೇಳ್ಲಿಲ್ಲ?"

"ನಿನಗೆ ಒಂದು ಕಿವಿ ಬೇಕಾಗಿತ್ತು. ದಪ್ಪ ಸದ್ದೆಲ್ಲ ಚೆನ್ನಾಗೇ ಕೇಳ್ತಿತ್ತು. ಸಣ್ಣದ್ದು ಬಂದಾಗ ನಿನ್ನ ಕೈ ಯಾವ ಕಡೆ ಸರಿಯುತ್ತೆ ಅಂತ ನೋಡಿ ಅಂದಾಜು ಮಾಡ್ತಿದ್ದೆ." ಕಣ್ಣು ಪೂರ್ತಿ ಮುಚ್ಚಿರುತ್ತಿರಲಿಲ್ಲ ಎಂದು ಆಗ ಗೊತ್ತಾಯಿತು. "ಇವತ್ತು ಅದೂ ಸರಿಯಾಗ್ಲಿಲ್ಲ."

ನನಗೆ ಸಿಟ್ಟು ಬಂದಿತ್ತು. ಒಂದು ಚಳಿಗಾಲ ಪೂರ್ತಿ ಹಾಳಾಗಿತ್ತು. ಆ ಸಿಟ್ಟನ್ನು ಯಾರ ಮೇಲೆ ಹಾಕುವುದೋ ತಿಳಿಯದೆ ಎದ್ದು ಹೋಗಿ ಬಾಲ್ಕನಿಯ ಪಾರಿವಾಳಗಳನ್ನು ಓಡಿಸಿ ಬಂದೆ. ವಾಪಸು ಬಂದಾಗ ಅಪ್ಪ ಕುರ್ಚಿಯನ್ನು ತೆಗೆದು ಊಟದ ಮೇಜಿನ ಹತ್ತಿರ ಇಟ್ಟಿದ್ದರು.

ಮರುದಿನ ನಾಲ್ಕು ಹಾಡುಗಳನ್ನೂ ತೆರೆದು, ಎಡ ಬಲ ಎಂಬುದನ್ನೇ ತೆಗೆದುಹಾಕಿದೆ. ಎಲ್ಲ ಸದ್ದೂ ನಟ್ಟನಡುವೆ, ಎರಡು ಸ್ಪೀಕರಿನಲ್ಲೂ ಒಂದೇ. ಇದಕ್ಕೆ ಮೋನೋ ಎನ್ನುತ್ತಾರೆ. ಹಾಗೆ ಮಾಡಿದಾಗ ಒಂದರ ಮೇಲೊಂದು ಬಿದ್ದು ಕೆಸರಾಗುತ್ತವೆ, ಎಷ್ಟೋ ಸದ್ದುಗಳನ್ನು ಬಿಟ್ಟುಕೊಡಬೇಕಾಗುತ್ತದೆ. ಎರಡನೆಯ ಹಾಡಿನಲ್ಲಿ ಮಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿದುಹೋಗುವಂಥ ಒಂದು ಭಾಗವಿತ್ತು. ಇಡೀ ರೆಕಾರ್ಡಿನಲ್ಲಿ ನನಗೆ ಬಹಳ ಇಷ್ಟವಾದದ್ದು ಅದೇ. ಅದನ್ನು ಅಳಿಸಿದೆ. ಉಳಿದದ್ದು ಬಡಕಲಾಗಿತ್ತು, ಆದರೆ ಪೂರ್ತಿ ನನಗೆ ಕೇಳುವಂಥದ್ದಾಗಿತ್ತು. ರೆಕಾರ್ಡಿನವನಿಗೆ ಕರೆ ಮಾಡಿ ಕಿವಿಯ ವಿಷಯ ಹೇಳಿದೆ. ಅವನು, ಕ್ಲಬ್ಬುಗಳಲ್ಲಿ ಹೇಗೂ ಬಹುಪಾಲು ಹೀಗೇ ಕೇಳುತ್ತದೆ, ತೊಂದರೆಯಿಲ್ಲ ಎಂದ. ಅದು ಸಮಾಧಾನದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಬೇಸಿಗೆಯ ಹೊತ್ತಿಗೆ ರೆಕಾರ್ಡು ಬಂತು. ದಕ್ಷಿಣ ದೆಹಲಿಯ ಒಂದು ಸಣ್ಣ ಕೆಫೆಯವರು, ಹಳೆಯ ಹೊಸ ರೆಕಾರ್ಡುಗಳನ್ನು ಮಾರುವವರು, ಒಂದು ಭಾನುವಾರ ಮಧ್ಯಾಹ್ನ ಅದನ್ನು ಎಲ್ಲರಿಗೂ ಕೇಳಿಸುವ ಏರ್ಪಾಡು ಮಾಡಿದರು. ಅಮ್ಮ ಬರಲಿಲ್ಲ. ತಲೆನೋವು ಎಂದಳು. ಅಪ್ಪ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದು ಗೋಡೆಯ ಪಕ್ಕ ಕೂತರು. ಜನ ಹೆಚ್ಚಿರಲಿಲ್ಲ, ಆದರೆ ಬಂದವರು ಮೊದಲ ಹಾಡಿನ ಮಧ್ಯದಲ್ಲೇ ಕುರ್ಚಿ ಸರಿಸಿ ಕುಣಿಯತೊಡಗಿದರು.

ವೈದ್ಯೆ ಹೇಳಿದ್ದ ಬಿರಡೆಯನ್ನು ನಾನು ಬಲಗಿವಿಗೆ ಹಾಕಿಕೊಂಡಿದ್ದೆ. ಎಡದಲ್ಲಿ ಸಿಳ್ಳೆ, ಬಲದಲ್ಲಿ ಬಿರಡೆ. ಇಷ್ಟು ವರ್ಷ ಕಾದಿದ್ದ ರೆಕಾರ್ಡು ನನಗೆ ಅಂಗಾಲಿನಿಂದ ಮೇಲೇರುವ ಅದುರಾಟವಾಗಿ ಬರುತ್ತಿತ್ತು, ಅಷ್ಟೇ. ಜನರ ತಲೆಯಾಟ ನೋಡಿ ಯಾವ ಭಾಗ ನಡೆಯುತ್ತಿದೆ ಎಂದು ಲೆಕ್ಕ ಹಾಕಿದೆ. ಯಾರೋ ಎಡಗಡೆಯಿಂದ ಬಂದು ಮಾತಾಡಿಸಿದರಂತೆ, ನಾನು ತಿರುಗದಿದ್ದಾಗ ಜಂಬದವಳು ಎಂದುಕೊಂಡು ಹೋದರೋ ಏನೋ. ಅದನ್ನು ಕಂಡಿದ್ದ ಅಪ್ಪ ಹೇಳಿದ ಮೇಲೆ ಗೊತ್ತಾಯಿತು. ಎರಡನೆಯ ಹಾಡು ಶುರುವಾದಾಗ ನಾನು ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ.

ತನ್ನ ನಿಯಮ ಮುರಿದು ಇನ್ನೊಂದು ರೆಕಾರ್ಡು ಮಾಡೋಣವೇ ಎಂದು ರೆಕಾರ್ಡಿನವನು ಆಮೇಲೆ ಕೇಳಿದ. ಸದ್ಯಕ್ಕೆ ಆಗದು ಎಂದೆ. ಹೊಸಬರನ್ನು ಮಾತ್ರ ತರುವವನು, ಮತ್ತೆ ಕೇಳಲಿಲ್ಲ.

ಈಗ ಆರು ತಿಂಗಳಿಗೊಮ್ಮೆ ಅಪ್ಪನೂ ನಾನೂ ಒಟ್ಟಿಗೆ ಆಸ್ಪತ್ರೆಗೆ ಹೋಗುತ್ತೇವೆ. ಅಪ್ಪನಿಗೆ ಶ್ರವಣಯಂತ್ರ ಕೊಟ್ಟಿದ್ದಾರೆ. ಹಾಕಿಕೊಂಡರೆ ಪ್ಲಾಸ್ಟಿಕ್ ಚೀಲದ ಸದ್ದೂ ಗುಡುಗಿದ ಹಾಗಾಗುತ್ತದೆ ಎಂದು ಅದನ್ನು ಹೆಚ್ಚಾಗಿ ಜೇಬಿನಲ್ಲೇ ಇಟ್ಟುಕೊಂಡಿರುತ್ತಾರೆ. ನನ್ನ ಬಲಗಿವಿ ಇನ್ನೂ ಚೆನ್ನಾಗಿದೆ, ಆದರೆ ಪ್ರತಿ ಸಲ ಪರೀಕ್ಷೆಯ ಕಾಗದ ಕೈಗೆ ಬಂದ ಕೂಡಲೇ ಮೊದಲು ಅದರ ಗೆರೆಯನ್ನೇ ಹುಡುಕುತ್ತೇನೆ. ಕಾಯುವ ಜಾಗದಲ್ಲಿ ಗದ್ದಲ ಬಹಳ. ಹೆಸರು ಕರೆಯುವ ಹೆಂಗಸು ಬಾಗಿಲಿನಿಂದ ತಲೆ ಹೊರಹಾಕಿದಾಗಲೆಲ್ಲ ನಾವಿಬ್ಬರೂ ಅವಳ ತುಟಿಗಳನ್ನೇ ನೋಡುತ್ತೇವೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡುತ್ತೇವೆ, ಅವಳು ಕರೆದದ್ದು ನಮ್ಮನ್ನೋ ಬೇರೆ ಯಾರನ್ನೋ ಎಂದು.