ಎಡೆಗಿಟ್ಟ ಸಿಗಾರ್

ಹುಲ್ಲಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ಪಂಪ್‌ಸೆಟ್ ಮೆಕ್ಯಾನಿಕ್ ಅಣ್ಣನಿಗೆ ಗಿರಾಕಿಯೊಬ್ಬರು ಎರಡು ಫಾರಿನ್ ಸಿಗಾರ್ ಕೊಟ್ಟಿದ್ದರು. ಅಂದಿನಿಂದ ಬೀಡಿ ಸೇದುವ ನಾವೆಲ್ಲ ಅಣ್ಣನಿಗೆ ರುಚಿಗೆಟ್ಟವರಾದೆವು.

ಮೊದಲನೆಯದನ್ನು ಜಗಲಿಯಲ್ಲಿ ಹಚ್ಚಿದರು. "ಹೊಗೆ ನುಂಗ್ಬಾರ್ದು ಕಣ್ಲಾ, ಬಾಯಲ್ಲಿ ಆಡಿಸ್ಬೇಕು. ಮೊದ್ಲು ಮೆಣಸು, ಆಮೇಲೆ ಬೆಲ್ಲ!" ಎಂದು ಪಾಠ ಹೇಳಿ, ಅಭ್ಯಾಸಬಲದಿಂದ ತಾವೇ ನುಂಗಿ, ಕಂಬ ತಬ್ಬಿ ಕುಳಿತರು.

"ತಲೆ ತಿರುಗ್ತಾ ಅಣ್ಣಾ?"

"ಇಲ್ಲ ಕಣ್ಲಾ, ರುಚಿ ನೋಡ್ತಾವ್ನಿ."

ಎರಡನೆಯದು ಅವರ ತಿಥಿಯ ಎಡೆಗೆ ಬಂತು. ಹಚ್ಚಿಯೇ ಇಡಬೇಕೆಂದರು ಅಣ್ಣನ ಹೆಂಡತಿ, ಅತ್ತಿಗೆ. ಬಾಯಲ್ಲಿಟ್ಟು ಎಳೆಯದೆ ಅದು ಹತ್ತಲೇ ಇಲ್ಲ. ನಾನೇ ಎಳೆದು ಹಚ್ಚಿದೆ. "ಎಡೆಗೆ ಎಂಜಲು ಇಡ್ತೀಯೇನ್ಲಾ?" ಎಂದು ಹಿರಿಯರು ಗದರಿದರು.

ಅತ್ತಿಗೆ ಕಣ್ಣೊರೆಸಿಕೊಂಡರು. "ನೀನು ಇಡಪ್ಪಾ. ದಿನಾ ನಿನ್ನ ಬಾಯಿಂದ ಬೀಡಿ ಕಿತ್ಕೊಂಡು ಸೇದ್ತಿದ್ದೋರು ತಾನೆ."